ಸಾಣೆಕಲ್ಲಿಗೆ ಒಂದು ದಿನ ಸೂಟಿ

ಸ್ಕೇಟಿನ ಬ್ಲೇಡು ಚಾಕು ಅಲ್ಲ. ಈ ಒಂದು ಮಾತು ಕಲಿಯುವುದಕ್ಕೆ ನಾನು ಆರಡಿ ಮೀರಿದ ಒಬ್ಬ ಅಮೆರಿಕದವನನ್ನು, ಅವನ ಇಡೀ ತಂಡದ ಎದುರಿಗೆ, ಐಸಿನ ಮೇಲೆ ಅಂಗಾತ ಕೆಡವಬೇಕಾಯಿತು. ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಹೇಳುತ್ತಿರುವುದು ಪಲ್ಲವಿಗೆ. ಲಂಡನ್ನಿನ ಫೆಲ್ಥಮ್‌ನಲ್ಲಿರುವ ನಮ್ಮ ಧಾರವಾಡದವರೊಬ್ಬರ ಮಗಳು. ಏರ್‌ಪೋರ್ಟಿನ ಕೆಲಸ ಬಿಟ್ಟು ಒಂದು ಐಸ್ ರಿಂಕಿಗೆ ಸೇರಿದ್ದಾಳೆ. ಮೊನ್ನೆ ಫೋನ್ ಮಾಡಿ, "ಕಾಕಾ, ನನ್ನ ಸ್ಕೇಟ್ ರೂಮಿಗೆ ಹಾಕ್ಯಾರ. ವಾಟ್ ಶುಡ್ ಐ ನೋ?" ಅಂದಳು. ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಬರೆದು ಕಳಿಸುತ್ತೇನೆ ಅಂದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವರವ್ವ ಓದಿ ಹೇಳಲಿ. ಹಾಗಾದರೂ ಇಷ್ಟು ವರ್ಷ ನಾನೇನು ಮಾಡುತ್ತಿದ್ದೆ ಅನ್ನುವುದು ನಮ್ಮವರಿಗೆ ತಿಳಿಯಲಿ. ಕಿಂಗ್ಸ್‌ಬರಿಯಲ್ಲಿ ಯಾರದಾದರೂ ಮನೆಯಲ್ಲಿ ಕನ್ನಡದವರೆಲ್ಲ ಸೇರಿದಾಗ ಡಾಕ್ಟರುಗಳು ತಮ್ಮ ತಮ್ಮ ಆಸ್ಪತ್ರೆಯ ಸುದ್ದಿ ಮುಗಿಸಿ, ಕೊನೆಗೆ ನನ್ನ ಕಡೆ ತಿರುಗಿ, "ನೀವು ಇನ್ನೂ ಆ ಐಸ್‌ನಲ್ಲೇ ಇದ್ದೀರಾ?" ಎಂದು ಕೇಳುತ್ತಿದ್ದರು. ನಾನೇನೋ ಐಸ್ ಕ್ಯಾಂಡಿ ಮಾರುವವನ ಹಾಗೆ. ನಾನೂ "ಹೂಂ ರೀ, ಭಾಳ ಥಂಡಿ" ಅಂದು ಸುಮ್ಮನಾಗುತ್ತಿದ್ದೆ.

ನಾನು ಬೆಳಗಾವಿಯವನು. ನಮ್ಮಪ್ಪ ಅಲ್ಲಿ ಒಂದು ಮಷೀನ್ ಶಾಪಿನಲ್ಲಿ ಗ್ರೈಂಡರ್ ನಡೆಸುತ್ತಿದ್ದ, ನನಗೂ ಅದನ್ನೇ ಕಲಿಸಿದ. ಲಂಡನ್ನಿಗೆ ಬಂದ ಮೇಲೂ ಗ್ರೀನ್‌ಫರ್ಡ್‌ನ ಒಂದು ಕಾರ್ಖಾನೆಯಲ್ಲಿ ಅದೇ ಕೆಲಸ. ತೊಂಬತ್ತರ ದಶಕದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಆಗಲೇ ಪಶ್ಚಿಮ ಲಂಡನ್ನಿನ ಒಂದು ಐಸ್ ರಿಂಕಿನಲ್ಲಿ ಸಾಣೆ ಹಿಡಿಯುವವರು ಬೇಕಾಗಿದ್ದಾರೆಂದು ಗೊತ್ತಾಗಿ ಹೋದೆ. ಅಲ್ಲಿಯ ಮ್ಯಾನೇಜರ್ ಮಿಸಸ್ ಹಾಲ್ ಎಂಬ ಹೆಂಗಸು. ಸೊಂಟದಲ್ಲಿ ಬೀಗದ ಕೈಗೊಂಚಲು, ಕೈಯಲ್ಲಿ ಸದಾ ಚಹಾದ ಮಗ್ಗು. "ಸ್ಕೇಟಿಗೆ ಸಾಣೆ ಹಿಡಿದು ಗೊತ್ತಾ?" ಎಂದು ಕೇಳಿದರು. "ಕಬ್ಬಿಣ ಎಲ್ಲಾ ಕಡೆ ಒಂದೇ ಅಲ್ಲವೇ ಮೇಡಂ" ಎಂದೆ. ಆ ಜಂಬದ ಫಲ ಮೂರನೆಯ ದಿನವೇ ಕಂಡಿತು.

ರಿಂಕಿಗೆ ಒಂದು ಐಸ್ ಹಾಕಿ ತಂಡವಿತ್ತು. ದೊಡ್ಡ ತಂಡವೇನಲ್ಲ. ಅರ್ಧಕ್ಕರ್ಧ ಜನ ಹಗಲು ಪ್ಲಂಬರ್, ಪೋಸ್ಟ್‌ಮನ್ ಎಂದು ದುಡಿದು ಸಂಜೆ ಆಡುವವರು. ಹೊರದೇಶದಿಂದ ಕರೆಸಿಕೊಂಡ ಒಬ್ಬಿಬ್ಬರಿಗೆ ಮಾತ್ರ ಪೂರ್ತಿ ಸಂಬಳ, ಮೇಲೊಂದು ಫ್ಲಾಟು. ವಾಲ್ಟ್ ಹಾಗೆ ಬಂದವನು. ಅಮೆರಿಕದ ಮಿನೆಸೋಟದ ಕಡೆಯವನು, ನನಗಿಂತ ಎಂಟ್ಹತ್ತು ವರ್ಷ ಚಿಕ್ಕವನು. ಎದುರಾಳಿಗಳು ನಮ್ಮ ಗೋಲಿನ ಕಡೆ ನುಗ್ಗದಂತೆ ಅಡ್ಡ ನಿಲ್ಲುವುದು ಅವನ ಕೆಲಸ. ಅವನು ಸುಮ್ಮನೆ ನಿಂತರೂ ಅರ್ಧ ಕೆಲಸ ಆಗುವಂಥ ಆಳು.

ಅವನ ಸ್ಕೇಟನ್ನು ನಾನು ಚಾಕುವಿಗೆ ಹಿಡಿದ ಹಾಗೆ, ನಡುವೆ ಒಂದೇ ಅಲಗು ಬರುವಂತೆ ಮಸೆದುಕೊಟ್ಟೆ. ಕೂದಲು ಸೀಳುವಷ್ಟು ಹರಿತ. ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ವಾಲ್ಟ್ ಐಸಿಗಿಳಿದು ಒಂದು ಹೆಜ್ಜೆ ಒತ್ತಿದ, ಎರಡೂ ಕಾಲು ಎರಡು ದಿಕ್ಕಿಗೆ ಹೋದವು. ಬಿದ್ದ ಸದ್ದಿಗೆ ಮಿಸಸ್ ಹಾಲ್ ಆಫೀಸಿನಿಂದ ಹೊರಗೆ ಬಂದರು.

ಅವನು ಎದ್ದು, ಸ್ಕೇಟು ಬಿಚ್ಚಿ, ಕಾಲುಚೀಲದಲ್ಲೇ ನನ್ನ ಖೋಲಿಗೆ ನಡೆದು ಬಂದ. ಇವತ್ತಿಗೆ ನನ್ನ ನೌಕರಿ ಮುಗಿಯಿತು ಅಂದುಕೊಂಡೆ. ಅವನು ಬ್ಲೇಡನ್ನು ದೀಪಕ್ಕೆ ಹಿಡಿದು ನೋಡಿ ಹೇಳಿದ:

"ಇದು ಉಳ್ಳಾಗಡ್ಡಿ ಹೆಚ್ಚಾಕ ಭಾರೀ ಛಲೋ ಐತಿ. ನಿಂದರಾಕ ಅಲ್ಲ."

ವಾಲ್ಟ್ ಆಡುತ್ತಿದ್ದದ್ದು ಇಂಗ್ಲಿಷೇ. ಆದರೆ ಅಷ್ಟು ವರ್ಷ ಒಂದೇ ಖೋಲಿಯಲ್ಲಿ ಎದುರುಬದುರು ಕೂತ ಮೇಲೆ, ನನ್ನ ತಲೆಯಲ್ಲಿ ಅವನ ಮಾತು ಬೆಳಗಾವಿ ಮಾತಾಗಿಯೇ ಉಳಿದಿದೆ. ಹಾಗೇ ಬರೆಯುತ್ತೇನೆ, ರಿಂಕಿನ ಉಳಿದವರ ಮಾತನ್ನೂ. ಅವನೇನೂ ಓದಿ ತಕರಾರು ತೆಗೆಯುವುದಿಲ್ಲ.

ಆ ದಿನ ಅವನು ನನ್ನ ಸ್ಟೂಲಿನ ಮೇಲೆ ಕೂತು ಸ್ಕೇಟು ಅಂದರೇನೆಂದು ತಿಳಿಸಿಕೊಟ್ಟ. ಪಲ್ಲವಿ, ನೀನೂ ಕೇಳು. ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತಗ್ಗು ಇರಬೇಕು. ತಗ್ಗಿನ ಆಚೆಗೊಂದು ಈಚೆಗೊಂದು ಅಂಚು. ಐಸನ್ನು ಕಚ್ಚುವುದು ಆ ಎರಡು ಅಂಚುಗಳು, ನಡುವಿನ ತಗ್ಗು ಅಲ್ಲ. ತೂಕದ ಆಳಿಗೆ ತಗ್ಗು ಕಡಿಮೆ, ಹಗುರದವರಿಗೆ ಹೆಚ್ಚು. ಎರಡೂ ಅಂಚು ಒಂದೇ ಎತ್ತರದಲ್ಲಿವೆಯೇ ಎಂದು ನೋಡಲು ಬ್ಲೇಡನ್ನು ಮೇಲ್ಮುಖ ಮಾಡಿ ಒಂದು ನಾಣ್ಯವನ್ನು ಅಡ್ಡ ಇಡು. ನಾಣ್ಯ ಓರೆಯಾದರೆ ಕೆಲಸ ಕೆಟ್ಟಿದೆ. ಹರಿತ ನೋಡಲು ಹೆಬ್ಬೆರಳಿನ ಉಗುರನ್ನು ಅಂಚಿಗೆ ಅಡ್ಡಲಾಗಿ ಎಳೆ, ಉಗುರಿನ ಸಣ್ಣ ಪುಡಿ ಬರಬೇಕು. ನನ್ನ ಎಡಗೈ ಹೆಬ್ಬೆರಳಿನ ಉಗುರು ಇವತ್ತಿಗೂ ಸರಿಯಾಗಿ ಬೆಳೆಯುವುದಿಲ್ಲ.

ಇನ್ನೊಂದು ಗುಟ್ಟು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಆಟಗಾರರೂ ಅಷ್ಟೇ. ಪಕ್ಕು, ಅಂದರೆ ಚೆಂಡಿನ ಬದಲಿನ ಆ ರಬ್ಬರ್ ಬಿಲ್ಲೆ, ಕೈತಪ್ಪಿದರೆ ಸಾಣೆ ಸರಿಯಿಲ್ಲ, ಗೋಲು ತಪ್ಪಿದರೆ ಸಾಣೆ ಸರಿಯಿಲ್ಲ, ಹೆಂಡತಿ ಬೈದು ಕಳಿಸಿದ್ದರೂ ಸಾಣೆ ಸರಿಯಿಲ್ಲ. ಅಂಥವನು ಬಂದರೆ ವಾದಿಸಬೇಡ. ಸ್ಕೇಟು ತೆಗೆದುಕೊಂಡು ಒಳಗೆ ಹೋಗು, ಮಷೀನು ಶುರು ಮಾಡು, ಬ್ಲೇಡನ್ನು ಕಲ್ಲಿಗೆ ಮುಟ್ಟಿಸದೆ ಸ್ವಲ್ಪ ಹೊತ್ತು ನಿಂತಿದ್ದು ಹೊರಗೆ ತಂದು ಕೊಡು. "ಈಗ ಸರಿಯಾಯಿತು ನೋಡು" ಅನ್ನುತ್ತಾನೆ. ನಮ್ಮ ಪೋಸ್ಟ್‌ಮನ್‌ನ ಸ್ಕೇಟನ್ನು ನಾನು ಎಷ್ಟೋ ಸಲ ಹೀಗೆ ರಿಪೇರಿ ಮಾಡಿದ್ದೇನೆ.

ವಾಲ್ಟ್ ಮಾತ್ರ ಹಾಗಲ್ಲ. ಮ್ಯಾಚಿಗೆ ಮುಂಚೆ ತಾನೇ ಬಂದು ಕೂತು, ನಾನು ಮಸೆಯುವುದನ್ನು ನೋಡುತ್ತಾ ತನ್ನ ಕಥೆ ಹೇಳುತ್ತಿದ್ದ. ಚಳಿಗಾಲದಲ್ಲಿ ಅವರಪ್ಪ ಹಿತ್ತಿಲಿಗೆ ಪೈಪಿನಿಂದ ನೀರು ಬಿಟ್ಟು ಐಸು ಮಾಡುತ್ತಿದ್ದನಂತೆ, ಮಕ್ಕಳು ಊಟಕ್ಕೆ ಬರುವಾಗಲೂ ಸ್ಕೇಟು ಬಿಚ್ಚುತ್ತಿರಲಿಲ್ಲವಂತೆ. ಅಮೆರಿಕದ ದೊಡ್ಡ ತಂಡಗಳ ಬಾಗಿಲ ತನಕ ಹೋಗಿ ಒಳಗೆ ಕಾಲಿಡಲಾಗಲಿಲ್ಲ. ಸಣ್ಣ ಸಣ್ಣ ಊರುಗಳ ತಂಡಗಳಿಗೆ ಬಸ್ಸಿನಲ್ಲಿ ತಿರುಗಿ ತಿರುಗಿ ಸಾಕಾಗಿ, ಒಂದು ಸೀಸನ್ ಆಡಿ ಹೋಗೋಣ ಎಂದು ಲಂಡನ್ನಿಗೆ ಬಂದಿದ್ದ. ಬಂದವನಿಗೆ ಊರು ಹಿಡಿಸಿತು. ಎಡಗಾಲಿನ ಸ್ಕೇಟನ್ನೇ ಮೊದಲು ಹಾಕಿಕೊಳ್ಳಬೇಕು ಅನ್ನುವುದು ಅವನ ನೇಮ. ಮರೆತು ಬಲಗಾಲಿಗೆ ಹಾಕಿದರೆ ಬಿಚ್ಚಿ ಮತ್ತೆ ಶುರು ಮಾಡುತ್ತಿದ್ದ. ನೇಮನಿಷ್ಠೆಯಲ್ಲಿ ಅವನು ನಮ್ಮಜ್ಜಿಗೆ ಸಮ.

ಹೀಗಾಗಿಯೇ ನಮ್ಮ ಖಂಡೇನವಮಿ ಅವನಿಗೆ ಕೂಡಲೇ ಅರ್ಥವಾಯಿತು.

ಊರಲ್ಲಿ ದಸರೆಯ ಆ ದಿನ ಅಪ್ಪ ಗ್ರೈಂಡರನ್ನು ಒರೆಸಿ, ಕುಂಕುಮ ಹಚ್ಚಿ, ಚೆಂಡು ಹೂ ಮುಡಿಸಿ, ಮರುದಿನ ಬನ್ನಿ ಮುಡಿಯುವ ತನಕ ಅದನ್ನು ಮುಟ್ಟುತ್ತಿರಲಿಲ್ಲ. "ವರ್ಷಾನಗಟ್ಟಲೆ ದುಡದೈತಿ. ಒಂದ ದಿನ ಸೂಟಿ ಬ್ಯಾಡ ಅದಕ್ಕ?" ಅನ್ನುತ್ತಿದ್ದ. ಒಮ್ಮೆ ಶಾಪಿನ ಮಾಲೀಕನೇ ಅರ್ಜೆಂಟ್ ಕೆಲಸ ಹಿಡಿದು ಬಂದಾಗ, ಅವನ ಕೈಯಲ್ಲಿ ಪೇಢೆ ಇಟ್ಟು, "ನಾಳೆ ಬರ್ರಿ ಸಾಹೇಬ್ರ" ಎಂದು ಕಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗ್ರೀನ್‌ಫರ್ಡ್‌ನ ಕಾರ್ಖಾನೆಯಲ್ಲಿ ನೂರಾರು ಮಷೀನು, ಅಲ್ಲಿ ನನ್ನದು ಅಂತ ಯಾವುದನ್ನು ಹೇಳಲಿ? ರಿಂಕಿನ ಖೋಲಿ ಮಾತ್ರ ಪೂರ್ತಿ ನನ್ನದು. ಮೊದಲ ವರ್ಷವೇ ಖಂಡೇನವಮಿ ಮಾಡಲು ನಿರ್ಧರಿಸಿದೆ. ಹಿಂದಿನ ದಿನವೇ ಕೂತು ಎಲ್ಲರ ಸ್ಕೇಟುಗಳನ್ನೂ ಮಸೆದಿಟ್ಟೆ.

ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಐಸನ್ನು ಹದ ಮಾಡುವ ದೊಡ್ಡ ಗಾಡಿಯನ್ನೂ ಆಗ ನಾನೇ ಓಡಿಸುತ್ತಿದ್ದೆ. ನನ್ನ ಹೆಂಡತಿ ಗಿರಿಜಾ, "ಗಾಡಿಗೂ ಪೂಜಿ ಆಗ್ಬೇಕಲ್ರಿ. ಗಾಲಿ ಕೆಳಗ ಲಿಂಬಿಹಣ್ಣ ಇಡೂದ ಮರೀಬ್ಯಾಡ್ರಿ" ಎಂದು ನಾಲ್ಕು ಹಣ್ಣು ಕಟ್ಟಿಕೊಟ್ಟಿದ್ದಳು. ಊರಲ್ಲಿ ಬಸ್ಸಿನವರೂ ಹಾಗೇ ಮಾಡಿ ಬಸ್ಸು ಬಿಡುತ್ತಾರಲ್ಲ. ಬೆಳಿಗ್ಗೆ ನಾಲ್ಕೂ ಗಾಲಿಯ ಕೆಳಗೆ ಒಂದೊಂದಿಟ್ಟು, ಕುಂಕುಮ ಹಚ್ಚಿ, ಗಾಡಿ ಬಿಟ್ಟೆ. ಹಣ್ಣು ಪಚಕ್ ಪಚಕ್ ಎಂದು ಒಡೆದವು. ಗಾಲಿಗಳಿಗೆ ಐಸು ಹಿಡಿಯಲೆಂದು ಮೊಳೆ ಬಡಿದಿರುತ್ತವೆ ಎನ್ನುವುದು ಆ ಭಕ್ತಿಯಲ್ಲಿ ನೆನಪಾಗಲಿಲ್ಲ. ಲಿಂಬೆಯ ತಿರುಳು, ಬೀಜ, ಕುಂಕುಮ ಎಲ್ಲವೂ ಆ ಮೊಳೆಗೆ ಅಂಟಿಕೊಂಡು ರಿಂಕಿನ ತುಂಬಾ ಮೆರವಣಿಗೆ ಹೋದವು. ಮೇಲೆ ಗಾಡಿ ಸುರಿಯುವ ಬಿಸಿನೀರು ಬಿದ್ದು ಅಲ್ಲಲ್ಲೇ ಹೆಪ್ಪುಗಟ್ಟಿದವು.

ಬೆಳಗಿನ ಪಾಳಿಯಲ್ಲಿ ಸ್ಕೇಟ್ ಕಲಿಯಲು ಬರುವ ವಯಸ್ಸಾದ ಹೆಂಗಸರು ಆಫೀಸಿಗೆ ಓಡಿದರು. ಮಿಸಸ್ ಹಾಲ್ ಚಹಾದ ಮಗ್ಗು ಹಿಡಿದೇ ಬಂದರು.

"ಮಿಸ್ಟರ್ ವೀರು, ಐಸಿನ ಮ್ಯಾಲೆ ರಕ್ತ ಬಿದ್ದೈತಿ. ಅದರ ಬಾಜೂಕ ಯಾರೋ ಉಚ್ಚಿ ಹೊಯ್ದಾರ. ಏನ್ ನಡದೈತ್ರಿ ಇಲ್ಲೆ?"

ನಾನು ಬಾಯಿ ತೆರೆಯುವ ಮುಂಚೆ ವಾಲ್ಟ್ ಮಂಡಿಯೂರಿ, ಹಳದಿ ಕಲೆಯನ್ನು ಬೆರಳಿನಿಂದ ಕೆರೆದು ಮೂಸಿ ನೋಡಿದ. "ಲಿಂಬಿ," ಎಂದ. ಒಂದು ತುಂಡು ಕೆತ್ತಿ ಮಿಸಸ್ ಹಾಲರ ಮಗ್ಗಿನಲ್ಲಿ ಹಾಕಿ, "ಚಾಕ್ಕ ಛಲೋ ಆಕ್ಕೈತಿ" ಎಂದ. ಆ ಹೆಂಗಸು ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ. ಮಧ್ಯಾಹ್ನದ ತನಕ ನಾನೂ ವಾಲ್ಟೂ ಕೂತು ಬೀಜ ಕೆತ್ತಿ ತೆಗೆದೆವು. ಮುಂದಿನ ವರ್ಷದಿಂದ ಲಿಂಬೆಹಣ್ಣು ಹೊರಗಿನ ಅಂಗಳದಲ್ಲಿ, ಮಿಸಸ್ ಹಾಲರ ಕಾರಿನ ಗಾಲಿಗೆ. ಅದು ಅವರೇ ಕೇಳಿ ಮಾಡಿಸಿಕೊಂಡದ್ದು.

ಬೀಜ ಕೆತ್ತುತ್ತಾ ವಾಲ್ಟ್ ಎಲ್ಲವನ್ನೂ ಕೇಳಿ ತಿಳಿದುಕೊಂಡ. ಸಾಮಾನಿಗೂ ಒಂದು ದಿನ ಸೂಟಿ ಅನ್ನುವುದು ಅವನಿಗೆ ವಿಪರೀತ ಹಿಡಿಸಿತು. ಸಂಜೆ ತನ್ನ ಸ್ಕೇಟುಗಳನ್ನು ತಂದು ಸಾಣೆಕಲ್ಲಿನ ಪಕ್ಕ ಇಟ್ಟು, "ಇವಕೂ ಹಚ್ಚು" ಅಂದ. ಹಚ್ಚಿದೆ. ಹೊಟ್ಟೆನೋವೆಂದು ಕೋಚಿಗೆ ಸುಳ್ಳು ಹೇಳಿ ಅವತ್ತಿನ ಪ್ರಾಕ್ಟೀಸಿಗೆ ಚಕ್ಕರ್ ಹೊಡೆದ. ಆಮೇಲೆ ಪ್ರತಿ ವರ್ಷ ಖಂಡೇನವಮಿಗೆ ವಾಲ್ಟ್‌ನ ಸ್ಕೇಟು ನನ್ನ ಪೂಜೆಯಲ್ಲಿರುತ್ತಿತ್ತು, ವಾಲ್ಟ್‌ಗೆ ಹೊಟ್ಟೆನೋವು ಬರುತ್ತಿತ್ತು.

ಒಳ್ಳೆಯ ವರ್ಷಗಳು ಅವು. ಭಾನುವಾರ ಸಂಜೆ ಬೆಂಚುಗಳು ತುಂಬಿ, ಚಿಪ್ಸು ವಿನೆಗರಿನ ವಾಸನೆಯ ನಡುವೆ ಮಕ್ಕಳು ಡೋಲು ಬಡಿಯುತ್ತಿದ್ದರೆ, ನಾನು ಆಟಗಾರರ ಬೆಂಚಿನ ಹಿಂದೆ ಅಂಚು ತೀಡುವ ಕೈಕಲ್ಲು ಹಿಡಿದು ನಿಂತಿರುತ್ತಿದ್ದೆ. ವಾಲ್ಟ್ ಪಕ್ಕು ಕಸಿದು ತಿರುಗಿದಾಗ ಅವನ ಬ್ಲೇಡು ಐಸನ್ನು ಕಚ್ಚುವ ಸದ್ದು ಆ ಗಲಾಟೆಯಲ್ಲೂ ನನಗೆ ಬೇರೆಯಾಗಿ ಕೇಳಿಸುತ್ತಿತ್ತು. ಅದು ನಾನು ಹಿಡಿದ ಸಾಣೆ. ಆ ಸದ್ದು ಈಗಲೂ ಕೆಲವೊಮ್ಮೆ ಕಿವಿಗೆ ಬರುತ್ತದೆ.

ಆಮೇಲೆ ಅವನ ಎಡ ಮೊಣಕಾಲು ಕೈಕೊಟ್ಟಿತು. ಒಂದು ಆಪರೇಷನ್ ಆಯಿತು, ಇನ್ನೊಂದು ಆಯಿತು. ಇನ್ನು ಆಡುವ ಹಾಗಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅದೇ ಸಮಯಕ್ಕೆ ಹಳೆಯ ಕೋಚು ಬಿಟ್ಟುಹೋಗಿದ್ದರಿಂದ ತಂಡದ ಮಾಲೀಕರು ಆ ಕೆಲಸವನ್ನು ವಾಲ್ಟ್‌ಗೆ ಕೊಟ್ಟರು. ಕೊರಳಿಗೊಂದು ಸೀಟಿ ಬಂತು. ನಾವೆಲ್ಲ ಕೇಕು ತಂದು ಚಪ್ಪಾಳೆ ತಟ್ಟಿದೆವು. ಅವನು ಮಾತ್ರ ಮರುದಿನ ಸ್ಕೇಟುಗಳನ್ನು ನನ್ನ ಖೋಲಿಗೆ ತಂದು ಗೋಡೆಯ ಕೊಕ್ಕೆಗೆ ನೇತುಹಾಕಿ, "ಸಾಣಿ ಹಿಡದ ಇಟ್ಟಿರು. ಬ್ಯಾಸಿಗಿ ಕಳಿಯೂದ್ರಾಗ ಮಣಕಾಲ ಸರಿ ಆಕ್ಕೈತಿ" ಅಂದ.

ಬೇಸಿಗೆ ಕಳೆಯಿತು, ಮತ್ತೊಂದು ಬೇಸಿಗೆಯೂ ಕಳೆಯಿತು. ಸ್ಕೇಟುಗಳು ಕೊಕ್ಕೆಯಲ್ಲೇ ಇದ್ದವು. ವಾರಕ್ಕೊಮ್ಮೆ ಬಂದು ಉಗುರಿನಿಂದ ಅಂಚು ನೋಡಿ ಹೋಗುತ್ತಿದ್ದ. ಇದರಿಂದ ಅವನ ಕೋಚುಗಿರಿಯೂ ಕೆಟ್ಟಿತು. ಹುಡುಗರು ತಪ್ಪು ಮಾಡಿದರೆ ತಿದ್ದುವ ಬದಲು, "ನಾ ಇದ್ದಿದ್ರ ಹಿಂಗ್ ಆಗ್ತಿರಲಿಲ್ಲ" ಎನ್ನುತ್ತಿದ್ದ. ಮ್ಯಾಚು ನಡೆಯುವಾಗ ಬೆಂಚಿನಲ್ಲಿ ಅವನ ಕಾಲುಗಳು ತಾವಾಗಿ ಅಲ್ಲಾಡುತ್ತಿದ್ದವು. ಗುಂಪಿನಲ್ಲಿ ಮಾರ್ಕ್ ಎಂಬ ಒಳ್ಳೆಯ ಆಟಗಾರನಿದ್ದ, ಗೋಲು ಹೊಡೆಯುವವನು. ವಾಲ್ಟ್‌ನದೂ ಅವನದೂ ಒಂದೇ ಅಳತೆಯ ಪಾದ. "ನಿಮ್ಮಿಬ್ಬರ ಸ್ಕೇಟು ಮಸೆಯೂದಂದ್ರ ದೋಣಿ ಮಸದಂಗ" ಎಂದು ಚೇಷ್ಟೆ ಮಾಡುತ್ತಿದ್ದೆ. ಆ ಮಾರ್ಕ್‌ನಿಗೂ ವಾಲ್ಟ್‌ನಿಗೂ ಮಾತಿಗೆ ಮಾತು ಬೆಳೆಯತೊಡಗಿತ್ತು.

ಖಂಡೇನವಮಿ ಬಂದರೆ ವಾಲ್ಟ್ ಈಗಲೂ ಆ ಸ್ಕೇಟುಗಳನ್ನೇ ಪೂಜೆಗೆ ಇಡುತ್ತಿದ್ದ. "ಕೋಚ್ ಆದವಂದು ಸಾಮಾನು ಸೀಟಿ. ಅದನ್ನ ಇಡು ಮಾರಾಯಾ" ಎಂದು ಒಂದು ವರ್ಷ ಅಂದೆ. ಅವನ ಮುಖ ಸಣ್ಣದಾಯಿತು. "ಅದು ಬರೇ ಸೀಟಿ, ವೀರು" ಎಂದು ಎದ್ದುಹೋದ. ಹೇಳಬಾರದಿತ್ತೇನೋ ಎನ್ನಿಸಿ ನನಗೂ ಕಸಿವಿಸಿಯಾಯಿತು.

ಅವನು ಕೋಚಾದ ಮೂರನೆಯ ಸೀಸನ್ನಿನ ಆರಂಭದಲ್ಲಿ ತಂಡ ಒಂದಾದ ಮೇಲೊಂದು ಮ್ಯಾಚು ಸೋತಿತು. ನಮ್ಮ ಮಾಲೀಕರು ಹಳೆಯ ಕಾರುಗಳ ವ್ಯಾಪಾರಿ, ಮನುಷ್ಯರನ್ನೂ ಬಾನೆಟ್ ಎತ್ತಿ ನೋಡುವ ಜಾತಿ. ಭಾನುವಾರದ ಮ್ಯಾಚೂ ಸೋತರೆ ವಾಲ್ಟ್ ಅಮೆರಿಕದ ವಿಮಾನ ಹತ್ತಬಹುದು ಎಂದು ಎಲ್ಲರ ಮುಂದೆ ಹೇಳಿ ಹೋದರು. ಆ ಭಾನುವಾರವೇ ಖಂಡೇನವಮಿ.

ಶನಿವಾರ ನಾನು ಎಲ್ಲರ ಸ್ಕೇಟುಗಳನ್ನೂ ಎರಡೆರಡು ಸಲ ನೋಡಿ ಮಸೆದಿಟ್ಟೆ. ಭಾನುವಾರ ಬೆಳಿಗ್ಗೆ ಸಾಣೆಕಲ್ಲಿಗೆ ಪೂಜೆಯಾಯಿತು. ಪಕ್ಕದಲ್ಲಿ ಎಂದಿನಂತೆ ವಾಲ್ಟ್‌ನ ಸ್ಕೇಟುಗಳು. ಸಂಜೆ, ಮ್ಯಾಚು ಶುರುವಾಗಲು ಸ್ವಲ್ಪವೇ ಹೊತ್ತಿದೆ ಅನ್ನುವಾಗ ಮಾರ್ಕ್ ಒಂಟಿಕಾಲಿನಲ್ಲಿ ಕುಂಟುತ್ತಾ ನನ್ನ ಖೋಲಿಗೆ ಬಂದ. ಐಸಿನಿಂದ ಹೊರಬರುವ ಬಾಗಿಲ ಬಳಿ ಕಬ್ಬಿಣದ ಪಟ್ಟಿಯೊಂದು ಕಿತ್ತುಬಂದಿತ್ತು. ಅದರ ಮೇಲೆ ಕಾಲಿಟ್ಟು ಬಲ ಬ್ಲೇಡಿನ ಒಳಅಂಚು ಅರ್ಧಕ್ಕರ್ಧ ಜಜ್ಜಿಹೋಗಿತ್ತು. ಕೈಕಲ್ಲಿನಲ್ಲಿ ತೀಡಿ ಸರಿಮಾಡುವಂಥದ್ದಲ್ಲ, ಮಷೀನಿಗೇ ಹಿಡಿಯಬೇಕು.

ಈಗ ಬ್ಲೇಡು ಜಜ್ಜಿದರೆ ಒಂದು ಗುಂಡಿ ಒತ್ತಿ ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸುತ್ತಾರೆ, ಪಲ್ಲವಿ. ನಮ್ಮ ಆಟಗಾರರ ಬಳಿ ಆಗ ಅಂಥ ಬ್ಲೇಡುಗಳಿರಲಿಲ್ಲ. ಇದ್ದದ್ದು ನಾನು, ನನ್ನ ಮಷೀನು, ಅದರ ಮೇಲೊಂದು ಚೆಂಡು ಹೂವಿನ ಸರ.

ಮಾರ್ಕ್‌ನ ಹಿಂದೆಯೇ ವಾಲ್ಟ್ ಬಂದು ಬಾಗಿಲಲ್ಲಿ ನಿಂತ. ಬ್ಲೇಡು ನೋಡಿದ, ನನ್ನ ಮುಖ ನೋಡಿದ. ಮಸೆದುಕೊಡು ಎಂದು ಅವನು ಕೇಳಲಿಲ್ಲವಲ್ಲ, ಅದೇ ನನಗೆ ತಡೆಯಲಾಗದೆ ಹೋಯಿತು. ಪೇಢೆ ಕೊಟ್ಟು ಮಾಲೀಕನನ್ನು ಕಳಿಸಿದ ಅಪ್ಪ ಕಣ್ಣ ಮುಂದೆ ಬಂದ. ಅಪ್ಪನೆದುರು ನಿಂತಿದ್ದವನು ಸಾಹುಕಾರ. ನನ್ನೆದುರು ನಿಂತವನು, ನಾನು ಅಂಗಾತ ಕೆಡವಿದ ದಿನ ನನಗೇ ಕೆಲಸ ಕಲಿಸಿದವನು. ಸೋತರೆ ನಾಳೆ ಅವನಿಗೆ ಊರಿಲ್ಲ, ಕೆಲಸವಿಲ್ಲ. ಹೂವಿನ ಸರ ತೆಗೆದೆ, ಕಲ್ಲಿನ ಕುಂಕುಮವನ್ನು ಅಂಗೈಯಿಂದ ಒರೆಸಿದೆ, ಸ್ವಿಚ್ಚಿನ ಮೇಲೆ ಕೈಯಿಟ್ಟೆ.

ವಾಲ್ಟ್ ನನ್ನ ಮಣಿಕಟ್ಟು ಹಿಡಿದ.

"ಬ್ಯಾಡ."

"ನಿನ್ನ ನೌಕರಿ ಹೊಕ್ಕೈತಿ, ವಾಲ್ಟ್."

"ಇವತ್ತ ಅದಕ ಸೂಟಿ. ನೀನ ಹೇಳಿದ್ದಿ."

"ನಾ ಹೇಳಿದ್ದು, ನಾನ ಮುರೀತೀನಿ. ಬಿಡು ಕೈ."

ಅವನು ಬಿಡಲಿಲ್ಲ. ಹಾಗೇ ನನ್ನ ಕೈ ಹಿಡಿದುಕೊಂಡು, ಸಾಣೆಕಲ್ಲಿನ ಪಕ್ಕದಲ್ಲಿದ್ದ ತನ್ನ ಸ್ಕೇಟುಗಳನ್ನು ನೋಡುತ್ತಾ ನಿಂತ. ಹೊರಗೆ ಮಕ್ಕಳು ಡೋಲು ಬಡಿಯಲು ಶುರು ಮಾಡಿದ್ದರು. ಆಮೇಲೆ ಮಾರ್ಕ್‌ನ ಕಾಲುಗಳನ್ನು ನೋಡಿದ. ನನ್ನ ಕೈ ಬಿಟ್ಟು, ಆ ಸ್ಕೇಟುಗಳನ್ನು ಎತ್ತಿಕೊಂಡು, ಅಂಗಿಯ ತೋಳಿನಿಂದ ಅವುಗಳ ಕುಂಕುಮ ಒರೆಸಿದ.

"ವಾಲ್ಟ್, ಅವೂ ಪೂಜಿಗೆ ಇಟ್ಟದ್ದು" ಎಂದೆ.

"ಇವು ಎಂದಿನಿಂದಲೋ ಸೂಟಿ ಮ್ಯಾಲೇ ಅದಾವು, ವೀರು. ಇನ್ನ ದುಡೀಲಿ."

ಮಾರ್ಕ್‌ನನ್ನು ಸ್ಟೂಲಿನ ಮೇಲೆ ಕೂರಿಸಿದ. ಮೊಣಕಾಲು ಮಡಿಯುವುದಿಲ್ಲವಲ್ಲ, ಎಡಗಾಲನ್ನು ಉದ್ದಕ್ಕೆ ಚಾಚಿ ನೆಲದ ಮೇಲೆ ಕೂತು, ತಾನೇ ಲೇಸು ಕಟ್ಟತೊಡಗಿದ. ಎಡಗಾಲಿಗೆ ಮೊದಲು. ಮಾತಿಗೆ ಮಾತು ಬೆಳೆಸುತ್ತಿದ್ದ ಮಾರ್ಕ್ ತಾನೇ ಬಲಗಾಲನ್ನೂ ಮುಂದೆ ಚಾಚಿದ. ವಾಲ್ಟ್ ಲೇಸನ್ನು ಬಿಗಿದು ಬಿಗಿದು ಎಳೆಯುತ್ತಾ, "ಇವು ಸ್ವಲ್ಪ ಎಡಕ್ಕ ಎಳೀತಾವು. ತಿರುಗೂ ಮುಂದ ತೂಕ ಹಿಮ್ಮಡಿ ಮ್ಯಾಲೆ ಇರ್ಲಿ. ಹೆದರಬ್ಯಾಡ, ಕೈ ಬಿಡೂದಿಲ್ಲ" ಎಂದು ಮೆಲ್ಲಗೆ ಹೇಳಿಕೊಡುತ್ತಿದ್ದ. ನಾ ಇದ್ದಿದ್ರ ಎಂಬ ಮಾತು ಅವತ್ತು ಅವನ ಬಾಯಿಂದ ಬರಲಿಲ್ಲ. ಆಮೇಲೆಯೂ ನಾನು ಅದನ್ನು ಕೇಳಲಿಲ್ಲ.

ನಾವು ಗೆದ್ದೆವು ಎಂದು ಬರೆಯಲು ಕೈ ತುರಿಸುತ್ತದೆ. ಗೆಲ್ಲಲಿಲ್ಲ. ಮಾರ್ಕ್ ಮೊದಲಿಗೆ ಎರಡು ಸಲ ಬಿದ್ದ, ಆಮೇಲೆ ಕಾಲು ಕುದುರಿ ಕೊನೆಯಲ್ಲಿ ಒಂದು ಗೋಲು ಹೊಡೆದ, ಮ್ಯಾಚು ಸಮಸಮ ಆಯಿತು. ಸಮ ಆದರೆ ಏನು ಮಾಡಬೇಕೆಂದು ಮಾಲೀಕರು ಯೋಚಿಸಿರಲಿಲ್ಲ. "ಕ್ರಿಸ್‌ಮಸ್ ತನಕ ನೋಡೋಣ" ಎಂದು ಕಾರು ಹತ್ತಿದರು. ಕ್ರಿಸ್‌ಮಸ್ ಹೊತ್ತಿಗೆ ತಂಡ ಗೆಲ್ಲತೊಡಗಿತ್ತು, ಅವರಿಗೂ ಆ ಮಾತು ಮರೆತುಹೋಗಿತ್ತು.

ಮ್ಯಾಚು ಮುಗಿದ ಮೇಲೆ ಮಾರ್ಕ್ ಸ್ಕೇಟುಗಳನ್ನು ಹಿಂದಕ್ಕೆ ತಂದ. ಹಿಮ್ಮಡಿ ಸುಲಿದು ಕಾಲುಚೀಲ ಕೆಂಪಾಗಿತ್ತು. "ನಿನ್ನ ಹತ್ರಾನ ಇರ್ಲಿ" ಅಂದ ವಾಲ್ಟ್. "ಇವನ್ನ ಹಾಕ್ಕೊಂಡು ಅಷ್ಟ ವರ್ಷ ಹೆಂಗ್ ಆಡಿದ್ಯೋ ಪುಣ್ಯಾತ್ಮಾ!" ಎಂದ ಮಾರ್ಕ್. ಇಬ್ಬರೂ ನಕ್ಕರು. ಅವರು ಹೋದ ಮೇಲೆ ಗೋಡೆಯ ಆ ಖಾಲಿ ಕೊಕ್ಕೆ ನೋಡಿ ನನಗೆ ದುಃಖ ಉಕ್ಕಿ ಬಂತು. ಅವನು ಆಡುವುದನ್ನು ಇನ್ನು ನೋಡಲಾರೆನೆಂದು ಅಷ್ಟು ದಿನವಾದ ಮೇಲೆ ಅವತ್ತು ನನಗೂ ಖಾತ್ರಿಯಾಯಿತು.

ಮರುದಿನ ವಾಲ್ಟ್ ಗ್ರೀನ್‌ಫರ್ಡ್‌ನ ನಮ್ಮ ಮನೆಗೆ ಊಟಕ್ಕೆ ಬಂದ. ಊರಿಂದ ತಂದು ಸ್ಟೀಲಿನ ಡಬ್ಬಿಯಲ್ಲಿಟ್ಟಿದ್ದ ಒಣ ಬನ್ನಿ ಎಲೆಯನ್ನು ಗಿರಿಜಾ ತೆಗೆದಳು. ಚಿಕ್ಕವರು ದೊಡ್ಡವರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು ಎಂದು ಕೇಳಿ, ವಾಲ್ಟ್ ನಿಜಕ್ಕೂ ನನ್ನೆದುರು ಬಗ್ಗಲು ಹೋಗಿ ಸೋಫಾ ಹಿಡಿದುಕೊಂಡ. "ಬ್ಯಾಡ್ರಿ ಅಣ್ಣಾರ, ನಿಮ್ಮ ಮಣಕಾಲಿಗೆ ದೇವ್ರು ಮಾಫಿ ಮಾಡ್ಯಾನ. ಹೋಳಿಗಿ ತಿನ್ರಿ" ಎಂದಳು ಗಿರಿಜಾ. ಬನ್ನ್ಯಾಗ ಬಂಗಾರದಂಗ ಇರೋಣು ಎಂಬ ಮಾತನ್ನು ಅವನಿಗೆ ಹೇಳಿಸಿ ಹೇಳಿಸಿ ಸುಸ್ತಾದೆವು. ಆ ಎಲೆಯನ್ನು ಅವನು ಪಾಕೀಟಿನಲ್ಲಿಟ್ಟುಕೊಂಡ.

ಮುಂದಿನ ವರ್ಷದ ಖಂಡೇನವಮಿಗೆ ಪೂಜೆಗಿಡಲು ಸ್ಕೇಟು ಇರಲಿಲ್ಲ. ನಾನು ಸಾಣೆಕಲ್ಲಿಗೆ ಹೂವೇರಿಸುತ್ತಿದ್ದಾಗ ವಾಲ್ಟ್ ಒಳಗೆ ಬಂದ. ಕೊರಳಿಂದ ಸೀಟಿ ಬಿಚ್ಚಿ, ಹಗ್ಗವನ್ನು ಸುತ್ತಿ ಕಲ್ಲಿನ ಪಕ್ಕ ಇಟ್ಟು ನಿಂತ. ನಾನು ಬೆರಳಿಗೆ ಕುಂಕುಮ ತೆಗೆದುಕೊಂಡು ಹಚ್ಚಿದೆ.

"ನನ್ನ ಸಾಮಾನು ಇದಽ," ಎಂದ.

ಆ ಸಂಜೆಯ ಪ್ರಾಕ್ಟೀಸನ್ನು ಅವನು ಸೀಟಿಯಿಲ್ಲದೆ ನಡೆಸಿದ. ಚಪ್ಪಾಳೆ ತಟ್ಟಿದ, ರಿಂಕಿನ ಸುತ್ತಲಿನ ಹಲಗೆಯ ಗೋಡೆ ಗುದ್ದಿದ, ಇಡೀ ರಿಂಕಿಗೆ ಕೇಳುವಂತೆ ಕೂಗಿದ. ಮುಗಿಯುವ ಹೊತ್ತಿಗೆ ಗಂಟಲು ಪೂರ್ತಿ ಬಿದ್ದುಹೋಗಿ, ಬಾಯಿ ತೆರೆದರೆ ಗೊರಗೊರ ಸದ್ದು ಬಿಟ್ಟು ಬೇರೇನೂ ಇಲ್ಲ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಸಸ್ ಹಾಲ್ ಬಿಸಿ ಚಹಾ ತಂದುಕೊಟ್ಟು, "ಇದಕ್ಕ ಲಿಂಬಿ ಹಾಕ್ಲೇನು?" ಎಂದು ಕೇಳಿದರು. ಅಲ್ಲಿಂದ ಮುಂದೆ ಪ್ರತಿ ಖಂಡೇನವಮಿಗೂ ಅವನ ಸೀಟಿಗೆ ಸೂಟಿ, ಗಂಟಲಿಗೆ ಕೆಲಸ.

ಬಹಳ ವರ್ಷ ಕೋಚಾಗಿದ್ದು, ಎರಡು ಸಾವಿರ ದಾಟಿ ಸ್ವಲ್ಪ ಕಾಲವಾದ ಮೇಲೆ ವಾಲ್ಟ್ ತನ್ನೂರಿಗೆ ಹೋದ. ಮಿಸಸ್ ಹಾಲ್ ನಿವೃತ್ತರಾದರು. ನನ್ನ ಕೊನೆಯ ವರ್ಷದಲ್ಲಿ ಹೊಸ ಮಷೀನು ಬಂತು: ಸ್ಕೇಟನ್ನು ಪೆಟ್ಟಿಗೆಯೊಳಗಿಟ್ಟು ಗುಂಡಿ ಒತ್ತಿದರೆ ತಾನೇ ಮಸೆದು ಕೊಡುತ್ತದೆ. ಪಲ್ಲವಿ, ನಿನಗೆ ಸಿಕ್ಕಿರುವುದು ಅಂಥದ್ದೇ ಇರಬೇಕು. ಕೆಲಸ ಚೆನ್ನಾಗಿಯೇ ಮಾಡುತ್ತದೆ, ನಾನು ಹೆಸರಿಡುವುದಿಲ್ಲ. ಆದರೂ ನಾಣ್ಯ ಇಟ್ಟು ನೋಡು. ಮತ್ತೆ ದಸರೆಯಲ್ಲಿ ಒಂದು ದಿನ ಅದರ ಪ್ಲಗ್ಗು ತೆಗೆ. ಪೆಟ್ಟಿಗೆಯಾದರೇನು, ಅದೂ ದುಡಿಯುತ್ತದೆ. ಲಿಂಬೆಹಣ್ಣು ಮಾತ್ರ ಒಳಗೆ ತರಬೇಡ.

ನಾನು ಈಗ ಮನೆಯಲ್ಲೇ, ಹಳೆಯ ಕೈಕಲ್ಲಿಗೆ ಪೂಜೆ ಮಾಡುತ್ತೇನೆ. ಖಂಡೇನವಮಿ ಯಾವತ್ತು ಬರುತ್ತದೆಂದು ಗಿರಿಜಾ ಪಂಚಾಂಗ ನೋಡಿ ಮೊದಲೇ ಮಿನೆಸೋಟಕ್ಕೆ ತಿಳಿಸಿರುತ್ತಾಳೆ. ವಾಲ್ಟ್ ಅಲ್ಲಿ ಮಕ್ಕಳ ತಂಡಕ್ಕೆ ಕೋಚು. ಅಲ್ಲಿ ರಾತ್ರಿ ಅವರ ಪ್ರಾಕ್ಟೀಸು ಮುಗಿದ ಮೇಲೆ, ನಮಗಿಲ್ಲಿ ಮರುದಿನ ಬನ್ನಿಯ ಬೆಳಿಗ್ಗೆ, ಫೋನು ರಿಂಗಾಗುತ್ತದೆ. ಎತ್ತಿದರೆ ಆ ಕಡೆಯಿಂದ ಮೊದಲು ಮಾತು ಬರುವುದಿಲ್ಲ, ಗೊರಗೊರ ಸದ್ದು. ಆಮೇಲೆ ಕಷ್ಟಪಟ್ಟು, ಗಾಳಿಯಲ್ಲೇ ಆಡಿದ ಹಾಗೆ, "ಬನ್ನ್ಯಾಗ... ಬಂಗಾರ... ವೀರು" ಎನ್ನುತ್ತಾನೆ. ಗಿರಿಜಾ ನನ್ನ ಕೈಯಿಂದ ಫೋನು ತೆಗೆದುಕೊಂಡು, ಮಾತಾಡಬ್ಯಾಡ್ರಿ ಅಣ್ಣಾರ, ಮೊದಲ ಬಿಸಿನೀರು ಕುಡೀರಿ ಎಂದು ಬೈಯುತ್ತಾಳೆ.